ಎರಡು ಸಲ ಮುರಿದ ಮೂಲೆ

ಬೆಳಗಿನ ಐದೂಮುಕ್ಕಾಲು. ಓಣಿಯ ತಿರುವಿನಲ್ಲಿರುವ ಹಳದಿ ಮನೆಯ ಮುಂದೆ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತು, ಒಂದು ಹಿಡಿ ಮರಳನ್ನು ಅಂಗೈಯಲ್ಲಿ ನೆನೆಸಿ ಉಜ್ಜುತ್ತಿದ್ದಾರೆ. ಕೈ ಕೊಡವಿ, ಅಂಗೈಗೆ ಮಣ್ಣಿನ ಬಣ್ಣ ಹತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಸಿಮೆಂಟಿನ ಚೀಲದೊಳಕ್ಕೆ ಮೊಣಕೈವರೆಗೆ ಕೈ ತೂರಿಸುತ್ತಾರೆ. "ಒಳಗೆ ತಣ್ಣಗಿರ್ಬೇಕು. ಗಂಟು ಸಿಕ್ತೋ, ವಾಪಸ್ಸು." ಮಟ್ಟಗೋಲನ್ನು ಗೋಡೆಗೆ ಆನಿಸಿ ನೋಡಿ, ಅದನ್ನೇ ತಿರುಗಿಸಿ ಮತ್ತೊಮ್ಮೆ ನೋಡುತ್ತಾರೆ. ಗೋಲೇ ಸೊಟ್ಟಗಿದ್ದರೆ ಗೋಡೆಯನ್ನು ಬೈದು ಏನು ಬಂತು ಎಂಬುದು ಅವರ ವಾದ.

ಇವರು ಗಾರೆ ಕೆಲಸದವರು. ಮನೆಗಳ ಹೊರಮೂಲೆಗಳಿಗೆ ಗಾರೆ ಮೆತ್ತಿ ಅಂಚು ನಿಲ್ಲಿಸುವುದರಲ್ಲಿ ಎತ್ತಿದ ಕೈ. ಸುತ್ತಮುತ್ತ ಎಲ್ಲರಿಗೂ 'ಮೂಲೆಯಕ್ಕ'. ಗಾರೆ ಕಲಸುವವಳು ಅವರ ನಾದಿನಿ. "ನಮ್ಮತ್ತಿಗೆ ದೇವರು ಪ್ರತ್ಯಕ್ಷ ಆದ್ರೂ ಮೊದ್ಲು ತೂಕದ ಗುಂಡು ಇಳಿಬಿಟ್ಟು ನೆಟ್ಟಗಿದ್ದಾನಾ ಅಂತ ನೋಡ್ತಾಳೆ," ಎಂದು ಅವಳು ಸಲಿಕೆ ಆಡಿಸುತ್ತಲೇ ನಗುತ್ತಾಳೆ.

ಮೂರಡಿ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮನೆಯ ಯಜಮಾನರು ಕೂತಿದ್ದಾರೆ. ರೈಲಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಾಲ್ಕು ಬಾಂಡ್ಲಿ ಮರಳಿಗೆ ಒಂದು ಬಾಂಡ್ಲಿ ಸಿಮೆಂಟು ನಿಜಕ್ಕೂ ಬೀಳುತ್ತಿದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ಎಣಿಸುತ್ತಿದ್ದಾರೆ. ಕೈಯಲ್ಲಿ ಮನೆಯ ಕೀಲಿಕೈ. ಅದರಿಂದ ಕುರ್ಚಿಯನ್ನೋ ಗೇಟನ್ನೋ ಟಕ್ ಟಕ್ ಎಂದು ತಟ್ಟುತ್ತಲೇ ಇರುತ್ತಾರೆ. "ನಾನು ಯಾರ ಮೇಲೂ ಅನುಮಾನ ಪಡೋನಲ್ಲ ಮೇಡಂ. ಚೆಕ್ ಮಾಡ್ತೀನಿ, ಅಷ್ಟೇ," ಎನ್ನುತ್ತಾ, ಪತ್ರಿಕೆಯ ಲೇಖನಕ್ಕೆಂದು ಬಂದ ನನ್ನ ಗುರುತಿನ ಚೀಟಿ ಕೇಳಿ ಪಡೆದು, ಫೋಟೊವನ್ನೂ ನನ್ನ ಮುಖವನ್ನೂ ಎರಡೆರಡು ಸಲ ತಾಳೆ ನೋಡುತ್ತಾರೆ.

ಅವರ ತಪಾಸಣೆಗೆ ಕಾರಣವಿದೆ. ಓಣಿಗೆ ಮುಖ ಮಾಡಿದ ಈ ಮೂಲೆಗೆ ಮೂಲೆಯಕ್ಕ ಈಗಾಗಲೇ ಎರಡು ಸಲ ಗಾರೆ ಹಾಕಿದ್ದಾರೆ. ಎರಡು ಸಲವೂ ನಾಲ್ಕು ದಿನದೊಳಗೆ ಅಂಚು ಮುಕ್ಕಾಗಿದೆ. ಇವತ್ತು ಮೂರನೆಯ ಸಲ. ಇದೂ ಮುರಿದರೆ ಉಳಿದ ಮೂರು ಮೂಲೆಗಳು ಬೇರೆ ಮೇಸ್ತ್ರಿಯ ಪಾಲು ಎಂದು ಯಜಮಾನರು ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಮೂರು ಮೂಲೆ ಹೋದರೆ ಹೋಗಲಿ. ಈ ಓಣಿಯಲ್ಲಿ ಕೆಲಸ ಸಿಗುವುದೆಲ್ಲ ಬಾಯಿಂದ ಬಾಯಿಗೆ. ಮೂಲೆಯಕ್ಕನ ಮೂಲೆ ನಿಲ್ಲುವುದಿಲ್ಲ ಎಂಬ ಮಾತು ಹೊರಟರೆ ಅವರನ್ನು ಮತ್ತೆ ಕರೆಯುವವರಿಲ್ಲ.

ನಿಜ ಹೇಳಿಬಿಡುತ್ತೇನೆ, ನನಗೂ ಅವರ ಮೇಲೆಯೇ ಗುಮಾನಿ. ಯಾರನ್ನಾದರೂ ಎಲ್ಲರೂ ಹೊಗಳಿದರೆ ನನ್ನ ಮೂಗು ತಾನಾಗಿಯೇ ಸೊಟ್ಟಗಾಗುತ್ತದೆ. ಅಷ್ಟು ಪಳಗಿದ ಕೈಯಾದರೆ ಎರಡು ಸಲ ಹೇಗೆ ಮುರಿಯುತ್ತದೆ? 'ಸಿಮೆಂಟು ಕಮ್ಮಿ?' ಎಂದು ಪುಸ್ತಕದ ಅಂಚಿನಲ್ಲಿ ಬರೆದು ಅಡಿಗೆರೆ ಹಾಕಿಕೊಳ್ಳುತ್ತೇನೆ. ಯಜಮಾನರ ಹೆಂಡತಿಗೆ ತಳ್ಳುಗಾಡಿಯವರ ಮೇಲೆ ಸಂಶಯ. ನಾದಿನಿ ಒಂದು ಕರಿ ನಾಯಿಯನ್ನು ಹೆಸರಿಸುತ್ತಾಳೆ. ಮೂಲೆಯಕ್ಕ ಮಾತ್ರ ಯಾರ ಹೆಸರನ್ನೂ ಎತ್ತುವುದಿಲ್ಲ. ನನಗೆ ಅದೂ ಅನುಮಾನವೇ.

ಕೆಲಸ ನೋಡಿದರೆ ತಪ್ಪು ಕಾಣುವುದಿಲ್ಲ. ಮೂಲೆಯ ಒಂದು ಮಗ್ಗುಲಿಗೆ ಉದ್ದನೆಯ ಮರದ ಪಟ್ಟಿ ಬಿಗಿದು, ಅದರ ಅಂಚನ್ನು ಗಾರೆಯ ದಪ್ಪದಷ್ಟು ಹೊರಗೆ ಬಿಟ್ಟು, ತೂಕದ ಗುಂಡು ಇಳಿಬಿಟ್ಟು ನೇರ ನೋಡುತ್ತಾರೆ. ಆ ಅಂಚಿನವರೆಗೆ ಇನ್ನೊಂದು ಮಗ್ಗುಲಿಗೆ ಗಾರೆ ತುಂಬುತ್ತಾರೆ. ಗಾರೆ ಸ್ವಲ್ಪ ಬಿಗಿದ ಮೇಲೆ ಪಟ್ಟಿ ಬಿಡಿಸುವುದೇ ಕಷ್ಟದ ಕೆಲಸ. "ನಿಮ್ ಕಡೆಗೆ ಎಳ್ಕೊಂಡ್ರೆ ಅಂಚು ಅದರ ಜೊತೇಲೇ ಬಂದ್ಬಿಡುತ್ತೆ. ಗೋಡೆಗುಂಟ ಪಕ್ಕಕ್ಕೆ ಜಾರಿಸ್ಬೇಕು," ಎಂದು ಉಸಿರು ಹಿಡಿದು ಜಾರಿಸುತ್ತಾರೆ. ಆಮೇಲೆ ಮೊದಲ ಮಗ್ಗುಲಿನ ಸರದಿ. ಕೊನೆಗೆ ಒದ್ದೆ ಸ್ಪಂಜಿನಿಂದ ಅಂಚಿನ ಚೂಪನ್ನು ಇಷ್ಟೇ ಇಷ್ಟು ಸವರಿ ಮೊಂಡು ಮಾಡುತ್ತಾರೆ. ಹನ್ನೊಂದಡಿಯ ಒಂದು ಮೂಲೆಗೆ ಮೂವತ್ತು ಸಲ ಏಣಿ ಹತ್ತಿಳಿಯುತ್ತೇನೆ ಎಂದಿದ್ದರು. ನಂಬದೆ ನಾನೇ ಎಣಿಸಿದೆ. ನಲವತ್ತಮೂರು.

ಮದುವೆಯಾಗಿ ಬಂದ ಮೇಲೆ ಹನ್ನೊಂದು ವರ್ಷ ಅವರು ಮಾವನ ಕೈಕೆಳಗೆ ಬಾಂಡ್ಲಿ ಹೊತ್ತರು. ಹೆಂಗಸು ಕರಣೆ ಮುಟ್ಟಿದರೆ ಗಾರೆ ಹಿಡಿಯುವುದಿಲ್ಲ ಎಂದು ಮಾವ ಗದರುತ್ತಿದ್ದರಂತೆ. ಒಂದು ದಿನ ಮಾವನ ಕೈಯೇ ನಡುಗತೊಡಗಿತು. ಸಪಾಟು ಗೋಡೆಯಲ್ಲಿ ನಡುಕ ಮುಚ್ಚಿಕೊಳ್ಳಬಹುದು, ಮೂಲೆಯಲ್ಲಿ ಮುಚ್ಚಿಕೊಳ್ಳಲಾಗದು. "ಮನೆಯೋರು ಊಟಕ್ಕೆ ಹೋದಾಗ ಮಾವ ನನ್ ಕೈಗೆ ಕರಣೆ ಕೊಟ್ಟು ಕಾವಲು ನಿಲ್ತಿದ್ರು. ಎಂಟು ವರ್ಷ ನಾನು ಮೂಲೆ ತೆಗ್ದೆ, ಶಹಬ್ಬಾಸ್‌ಗಿರಿ ಅವರು ಇಸ್ಕೊಂಡ್ರು." ಸಿಟ್ಟು ಬರಲಿಲ್ಲವೇ ಎಂದರೆ, "ಬರ್ದೆ ಏನು? ಬೆಂಕಿ ಬರ್ತಿತ್ತು. ಆದ್ರೆ ಪಾಪ, ಮನೇಗೆ ಬಂದು ನಾಚ್ಕೆಗೆ ನನ್ ಮುಖ ನೋಡ್ತಿರ್ಲಿಲ್ಲ," ಎನ್ನುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಮೂಲೆ ಮುಗಿಯಿತು. ಮೂಲೆಯಕ್ಕ ಕೈ ತೊಳೆಯಲಿಲ್ಲ. ಗೇಟಿನ ಬಳಿ ಬಿದ್ದಿದ್ದ ಎರಡು ಇಟ್ಟಿಗೆ ತಂದು, ಹಲಗೆಯ ತುಂಡಿನ ಮೇಲೆ ಒಂದರ ಮೇಲೊಂದು ಕೂರಿಸಿ, ಉಳಿದ ಗಾರೆಯಿಂದ ಅದಕ್ಕೂ ಒಂದು ಪುಟ್ಟ ಮೂಲೆ ಮಾಡತೊಡಗಿದರು. ಅದಕ್ಕೂ ಪಟ್ಟಿ, ಅದಕ್ಕೂ ಸ್ಪಂಜು. ಉಳಿಕೆ ಗಾರೆಯನ್ನು ಹೀಗೆ ಮುಚ್ಚಿಡುತ್ತಿದ್ದಾರೆಯೇ ಎಂದು ನಾನು ಮತ್ತೊಂದು ಅಡಿಗೆರೆ ಹಾಕಲು ಪೆನ್ನು ತೆಗೆದೆ. ಅವರು ಅದನ್ನು ಹಲಗೆಯ ಸಮೇತ ಎತ್ತಿ ತಂದು ಯಜಮಾನರ ಕುರ್ಚಿಯ ಪಕ್ಕ ಇಟ್ಟರು.

"ಯಜಮಾನ್ರೇ, ಇದು ನಿಮಗೆ. ಅದೇ ಗಾರೆ, ಅದೇ ನೀರು, ಅದೇ ಕೈ. ಗಟ್ಟಿ ಆಯ್ತಾ ಅಂತ ನೋಡ್ಬೇಕು ಅನ್ನಿಸಿದಾಗೆಲ್ಲ ಕೀಲಿಕೈಲಿ ಇದನ್ನ ತಟ್ಟಿ. ಗೋಡೇದನ್ನ ಏಳು ದಿನ ಬಿಟ್ಬಿಡಿ, ನೀರು ಮಾತ್ರ ಹಾಕಿ."

ಟಕ್ ಟಕ್ ನಿಂತಿತು. ಯಜಮಾನರು ಕೀಲಿಕೈಯನ್ನು ನೋಡಿದರು. ನಾನೂ ನೋಡಿದೆ. ಅದರ ಹಲ್ಲುಗಳ ಸಂದಿಯಲ್ಲಿ ಹಳೆಯ ಬೂದು ಪುಡಿ ಮೆತ್ತಿಕೊಂಡಿತ್ತು.

"ಅಯ್ಯೋ, ನೀವಾ!" ಹೆಂಡತಿ ಬಾಗಿಲಲ್ಲೇ ತಲೆ ಚಚ್ಚಿಕೊಂಡರು. "ಆ ಗಾಡಿಯವನಿಗೆ ಎಷ್ಟು ಬೈದ್ಬಿಟ್ನಲ್ರೀ ನಾನು!"

"ಚೆಕ್ ಮಾಡ್ದೆ, ಅಷ್ಟೇ," ಎಂದ ಯಜಮಾನರ ದನಿ ಅರ್ಧಕ್ಕರ್ಧ ಇಳಿದಿತ್ತು.

ಮೂಲೆಯಕ್ಕನಿಗೆ ಇದು ಎರಡನೆಯ ಸಲ ಮುರಿದಾಗಲೇ ಗೊತ್ತಾಗಿತ್ತಂತೆ. ಗಾಡಿ ತಗುಲಿದ್ದರೆ ಸೊಂಟದ ಕೆಳಗೆ, ನಾಯಿಯಾದರೆ ಇನ್ನೂ ಕೆಳಗೆ. ಇದು ಎರಡು ಸಲವೂ ಎದೆಯ ಎತ್ತರದಲ್ಲಿ, ಸಣ್ಣ ಸಣ್ಣ ಕಚ್ಚುಗಳು. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಹೇಳಿದ್ರೆ ಯಾರು ನಂಬೋರು ಮೇಡಂ? ತಾನು ಕೆಡಿಸಿ ಮನೆಯೋರ ಮೇಲೆ ಹಾಕ್ತಾಳೆ ಅಂತಿದ್ರು. ನೀವೇನು ಕಮ್ಮೀನಾ, ಬೆಳಗ್ಗೆಯಿಂದ ಅದೆಷ್ಟು ಗೆರೆ ಎಳೆದ್ರಿ!" ನಾನು ಆ ಪುಟವನ್ನು ಅಲ್ಲೇ ಹರಿದೆ.

ಹಾಗೆಂದು ಅನುಮಾನ ಪೂರ್ತಿ ಹೋಯಿತೆಂದಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಮತ್ತೆ ಹೋದೆ. ಕುರ್ಚಿಯ ಪಕ್ಕದ ಪುಟ್ಟ ಮೂಲೆ ಇಲಿ ತಿಂದಂತಾಗಿದೆ, ಇಟ್ಟಿಗೆಯ ಕೆಂಪು ಹೊರಗೆ ಕಾಣುತ್ತಿದೆ. ಗೋಡೆಯ ಮೂಲೆ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ. ಯಜಮಾನರು ನನ್ನನ್ನು ಕಂಡು ಪೇಪರನ್ನು ಮುಖದ ಮಟ್ಟಕ್ಕೆ ಏರಿಸುತ್ತಾರೆ. ಉಳಿದ ಮೂರೂ ಮೂಲೆ ಮೂಲೆಯಕ್ಕನಿಗೇ ಸಿಕ್ಕಿವೆ. ಎದುರುಮನೆಯವರೂ ಹೇಳಿ ಕಳಿಸಿದ್ದಾರಂತೆ.

ಅವರು ಎರಡನೆಯ ಮೂಲೆ ಮುಗಿಸಿ, ಏಣಿಯ ಮೇಲೆ ನನಗೆ ಬೆನ್ನು ಹಾಕಿ ಸ್ಪಂಜು ಹಿಂಡುತ್ತಿದ್ದಾರೆ. ಏನಾಸೆ ನಿಮಗೆ ಎಂದು ಕೇಳಿದೆ, ಇಂಥ ಲೇಖನಕ್ಕೆ ಕೇಳಲೇಬೇಕಾದ ಪ್ರಶ್ನೆ. "ಜನ ಈ ಮೂಲೆ ದಾಟ್ಕೊಂಡು ಸುಮ್ನೆ ಹೋಗ್ಬೇಕು. ಯಾರಾದ್ರೂ ನಿಂತು ನೋಡಿದ್ರೆ ನಂಗೆ ಎದೆ ಡವಡವ ಅನ್ನುತ್ತೆ, ಎಲ್ಲೋ ಕೆಟ್ಟಿದೆ ಅಂತ."

ನಾನು ನಿಂತು ನೋಡುತ್ತಲೇ ಇದ್ದೆ. ಇದು ನಿಜಕ್ಕೂ ಅಷ್ಟು ನೇರವಾಗಿದೆಯೇ? ಕೈ ತನ್ನಷ್ಟಕ್ಕೆ ಮೇಲೆದ್ದು, ಬೆರಳು ಹಸಿ ಅಂಚಿನ ಹತ್ತಿರ ಹೋಗಿತ್ತು. ಏಣಿಯ ಮೇಲಿಂದ, ತಿರುಗಿಯೂ ನೋಡದೆ, ಮೂಲೆಯಕ್ಕ ಕೇಳಿದರು:

"ಮೇಡಂ, ನಿಮಗೂ ಒಂದು ಮಾಡ್ಕೊಡ್ಲಾ? ಎರಡು ಇಟ್ಟಿಗೆ ಸಾಕು."