ಕುಂಕುಮ ಹಚ್ಚಿದ ಸ್ಪ್ಯಾನರ್

ಇದು 2004ರ ಆಯುಧಪೂಜೆಯ ದಿನ ನಡೆದದ್ದು. ಆಗ ನಾವು ಜೆ.ಪಿ. ನಗರದಲ್ಲಿದ್ದೆವು. ಅಪ್ಪ ಮೂವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ ಅಂಬಾಸಿಡರ್ ಕಾರೊಂದು ಮನೆಯಲ್ಲಿತ್ತು. ನಿವೃತ್ತರಾದ ಮೇಲೆ ಅವರಿಗೆ ಸೊಂಟನೋವು ಹಿಡಿದುಕೊಂಡಿತು. ಹಿಂದಿನ ಸೀಟಿನಲ್ಲಿ ಕೂತು ರಸ್ತೆಯ ಪ್ರತಿ ಹಂಪ್‌ಗೂ "ಅಯ್ಯಮ್ಮಾ" ಎನ್ನುತ್ತಿದ್ದರು. ಏರ್ ಸಸ್ಪೆನ್ಷನ್ ಹಾಕಿಸಿದರೆ ಹೇಗೆ ಎಂದು ನನಗೆ ಹೊಳೆಯಿತು. ಹಿಂದಿನ ಆಕ್ಸಲ್ ಮೇಲೆ ಎರಡು ರಬ್ಬರ್ ಚೀಲ ಕೂರಿಸಿ, ಡಿಕ್ಕಿಯಲ್ಲಿಟ್ಟ ಪುಟ್ಟ ಕಂಪ್ರೆಸರಿನಿಂದ ಗಾಳಿ ತುಂಬುವುದು. ಸ್ವಿಚ್ ಒತ್ತಿದರೆ ಗಾಡಿಯ ಹಿಂಭಾಗ ಏರುತ್ತದೆ, ಇಳಿಯುತ್ತದೆ. ಅಪ್ಪನ ಸೊಂಟಕ್ಕಾಗಿ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಅರ್ಧ ನನ್ನ ಶೋಕಿಗೆ.

ಅಪ್ಪ ಒಂದೇ ಷರತ್ತು ಹಾಕಿದರು. "ಏನ್ ಬೇಕಾದ್ರೂ ಮಾಡ್ಸು, ವೆಲ್ಡಿಂಗ್ ಮಾತ್ರ ಕೂಡದು. ಗಾಡಿ ತಳದ ಹಳೇ ಚಾಸಿ, ಕಾಯ್ಸಿದ್ರೆ ಗಟ್ಟಿತನ ಹೋಗತ್ತೆ."

ಮೂರು ಗ್ಯಾರೇಜಿನವರು "ವೆಲ್ಡಿಂಗ್ ಇಲ್ದೆ ಆಗಲ್ಲ ಸಾರ್" ಎಂದು ಕೈಚೆಲ್ಲಿಬಿಟ್ಟರು. ನಾಲ್ಕನೆಯದು ಶ್ರೀನಗರ ಬಡಾವಣೆಯ ಒಂದು ಸಣ್ಣ ಗ್ಯಾರೇಜು. ಗದಗದ ಕಡೆಯಿಂದ ಬಂದು ನೆಲೆಸಿದ್ದ ಮಲ್ಲಪ್ಪ ಅದರ ಮಾಲೀಕರು. ಐವತ್ತರ ಆಸುಪಾಸು, ಹಣೆಯ ಮೇಲೆ ವಿಭೂತಿ, ಮಾತು ಕಡಿಮೆ. ಕಾರಿನ ಕೆಳಗೆ ಅರ್ಧ ಗಂಟೆ ಮಲಗಿ ನೋಡಿ ಎದ್ದು ಬಂದು ಹೇಳಿದರು: "ಬೆಂಕಿ ಬೇಕಾಗಂಗಿಲ್ರಿ ಸರ. ಚಾಸಿಯೊಳಗ ಮೊದಲಿಂದ ಇರೋ ತೂತು ಸಾಕು. ಬೋಲ್ಟು, ಕ್ಲಾಂಪು ಹಾಕಿ ಬಿಗೀತೀನಿ. ನಾಳೆ ಬ್ಯಾಡ ಅನ್ನಿಸ್ತಂದ್ರ ಬಿಚ್ಚಿದ್ರಾತು."

ಹತ್ತು ದಿನ ಹಿಡಿಯಿತು. ಕಾರು ಬಂದ ದಿನ ಅಪ್ಪನನ್ನು ಕೂರಿಸಿಕೊಂಡು ಬನಶಂಕರಿವರೆಗೆ ಹೋಗಿಬಂದೆ. ಒಂದೇ ಒಂದು ಸಲವೂ ಅವರು "ಅಯ್ಯಮ್ಮಾ" ಅನ್ನಲಿಲ್ಲ. ನಾನಂತೂ ಬೀದಿಯವರನ್ನೆಲ್ಲ ಕರೆದು ಗಾಡಿ ಏರಿಸಿ ಇಳಿಸಿ ತೋರಿಸಿದ್ದೇ ತೋರಿಸಿದ್ದು.

ಆಯುಧಪೂಜೆಯ ಬೆಳಿಗ್ಗೆ ಕಾರು ತೊಳೆಯುತ್ತಾ ಕೆಳಗೆ ಬಗ್ಗಿ ನೋಡಿದೆ. ಗಾಳಿಚೀಲ ಹಿಡಿದಿದ್ದ ಕಬ್ಬಿಣದ ಪಟ್ಟಿ ಚಾಸಿಗೆ ಸೇರುವ ಕಡೆ ಉದ್ದಕ್ಕೂ ಕಪ್ಪಗೆ ಒಂದು ದಪ್ಪ ಏಣು. ಇದು ವೆಲ್ಡಿಂಗೇ, ಬಣ್ಣ ಬಳಿದು ಮುಚ್ಚಿದ್ದಾರೆ ಎಂದುಕೊಂಡೆ. ಇಂಟರ್ನೆಟ್ಟಿನಿಂದ ನಾಲ್ಕು ಹಾಳೆ ಪ್ರಿಂಟು ತೆಗೆದು ಓದಿದ್ದವನಲ್ಲವೇ, ಎಲ್ಲ ಗೊತ್ತು ಎಂಬ ಜಂಭ. ಮೂಗಿನ ತುದಿಯಲ್ಲೇ ಇರುವ ನನ್ನ ಕೋಪ ನೆತ್ತಿಗೇರಿತು. ಅಪ್ಪನಿಗೂ ಹೇಳದೆ ಕಾರು ಹತ್ತಿ ಶ್ರೀನಗರಕ್ಕೆ ಹೋದೆ.

ಗ್ಯಾರೇಜಿನಲ್ಲಿ ಆಗಷ್ಟೇ ಪೂಜೆ ಮುಗಿದಿತ್ತು. ತೊಳೆದ ಸ್ಪ್ಯಾನರು, ಸುತ್ತಿಗೆ, ಜಾಕುಗಳನ್ನು ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟಿದ್ದರು. ಹತ್ತು ಹನ್ನೆರಡು ಜನ ಗಿರಾಕಿಗಳು ಪುರಿ, ಬೂಂದಿ ತಿನ್ನುತ್ತಾ ನಿಂತಿದ್ದರು.

"ಏನ್ರೀ ಮಲ್ಲಪ್ಪ, ವೆಲ್ಡಿಂಗ್ ಮಾಡಲ್ಲ ಅಂತ ಹೇಳಿ ಮೋಸ ಮಾಡ್ತೀರಾ?" ಎಂದು ಎಲ್ಲರ ಎದುರೇ ಕೂಗಿದೆ.

ಅವರ ಮುಖ ಸಪ್ಪಗಾಯಿತು. "ಮಾಡಿಲ್ರಿ ಸರ. ನಾಳೆ ಬರ್ರಿ, ಬಿಚ್ಚಿ ತೋರಸ್ತೀನಿ. ಪೂಜಿಗೆ ಇಟ್ಟ ಆಯುಧ ಇವತ್ತು ಮುಟ್ಟಂಗಿಲ್ಲ."

"ಪೂಜೆ ನೆಪ ಹೇಳಿ ತಪ್ಪಿಸ್ಕೊಬೇಡಿ. ಈಗ್ಲೇ ತೋರಿಸಿ."

ಯಾರೋ ಹಿರಿಯರು "ಹಬ್ಬದ ದಿನ ಬಿಡಿ ಸಾರ್" ಎಂದರು. ನಾನು ಬಿಡಲಿಲ್ಲ. ಮಲ್ಲಪ್ಪ ಚಪ್ಪಲಿ ಕಳಚಿ ಹಲಗೆಯ ಮುಂದೆ ಹೋಗಿ ಕೈಮುಗಿದು, ಸ್ಪ್ಯಾನರೊಂದನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಹೊಸ ಅಂಗಿಯಲ್ಲೇ ಕಾರಿನ ಕೆಳಗೆ ಮಲಗಿದರು. ಬೋಲ್ಟುಗಳು ಒಂದೊಂದಾಗಿ ಹೊರಬಂದವು. ಕಬ್ಬಿಣದ ಪಟ್ಟಿ ಸಲೀಸಾಗಿ ಕಳಚಿಕೊಂಡಿತು. ನಾನು ವೆಲ್ಡಿಂಗ್ ಎಂದುಕೊಂಡಿದ್ದ ಏಣು ಅದರ ಜೊತೆಗೇ ಬಂತು. ಅದು ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಅಂಚು!

"ಅಪ್ಪಾರ ಗಾಡಿ ಅಂದಿದ್ರೆಲ್ರಿ" ಎಂದರು ಮಲ್ಲಪ್ಪ ಮೆಲ್ಲಗೆ. "ಪಟ್ಟಿ ಉಜ್ಜಿ ಚಾಸಿಗೆ ಗೀರು ಬೀಳಬಾರದಂತ ನಡುವ ರಬ್ಬರ್ ಹಾಕಿದ್ನಿ."

ಬಗ್ಗಿ ನೋಡಿದೆ. ಅಪ್ಪನ ಕಾಲದ ಬಣ್ಣ ಒಂದು ಗೆರೆಯೂ ಇಲ್ಲದೆ ಹಾಗೇ ಇತ್ತು. ನಾಚಿಕೆಯಿಂದ ಕುಗ್ಗಿಹೋದೆ. ಯಾರ ಮುಖವನ್ನೂ ನೋಡಲಾಗಲಿಲ್ಲ.

"ಸರಿ ಮಲ್ಲಪ್ಪನವ್ರೇ, ವಾಪಸ್ ಹಾಕ್ಬಿಡಿ" ಎಂದೆ. ಆ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಇಷ್ಟೇ.

"ಇಲ್ರಿ ಸರ" ಎಂದು ಇನ್ನೊಂದು ಬದಿಯದನ್ನೂ ಬಿಚ್ಚಿದರು. ತೆಗೆದಿಟ್ಟಿದ್ದ ಹಳೆಯ ಭಾಗಗಳನ್ನು ಮೊದಲಿನಂತೆಯೇ ಬಿಗಿದು, ಗಾಳಿಚೀಲ, ಪಟ್ಟಿ, ಕಂಪ್ರೆಸರನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಡಿಕ್ಕಿಯಲ್ಲಿಟ್ಟರು. ಹೊರಡುವಾಗ ಪುರಿ, ಬೂಂದಿಯ ಪೊಟ್ಟಣವೊಂದನ್ನು ತಂದು ನನ್ನ ಕೈಯಲ್ಲಿಟ್ಟರು. "ಹಬ್ಬದಾಗ ಬರಿಗೈಲೆ ಹೋಗಬಾರದ್ರಿ."

ದಾರಿಯುದ್ದಕ್ಕೂ ಕಾರು ಹಂಪುಗಳ ಮೇಲೆ ಕುಕ್ಕುತ್ತಾ ಬಂತು. ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ. ಆ ರಬ್ಬರಿನ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ "ಹೋಗಿ ಕ್ಷಮೆ ಕೇಳು" ಎಂದರು.

ಮರುವಾರ ಹೋಗಿ ಕೇಳಿದೆ. ಮಲ್ಲಪ್ಪನವರು ಚಹಾ ತರಿಸಿದರು, ಅಪ್ಪನ ಸೊಂಟ ಹೇಗಿದೆ ಎಂದು ವಿಚಾರಿಸಿದರು. ಕೆಲಸ ಮಾತ್ರ ಮತ್ತೆ ಒಪ್ಪಿಕೊಳ್ಳಲಿಲ್ಲ. ಬೇರೆಯವರ ಕೈಯಲ್ಲಿ ಹಾಕಿಸಲು ನನಗೆ ಮನಸ್ಸಾಗಲಿಲ್ಲ. ಅಪ್ಪ ಕೊನೆಯವರೆಗೂ ಆ ಸೀಟಿನಲ್ಲಿ "ಅಯ್ಯಮ್ಮಾ" ಎನ್ನುತ್ತಲೇ ಓಡಾಡಿದರು. ಪ್ರತಿ ಸಲವೂ ನನಗೆ ಚುರುಕ್ ಎನ್ನುತ್ತಿತ್ತು.

ಇನ್ನೊಂದು ಮಾತನ್ನು ಅಪ್ಪನಿಗೂ ಹೇಳಿರಲಿಲ್ಲ. ಅಂದು ಕ್ಷಮೆ ಕೇಳಲು ಹೋದವನು ರಸ್ತೆಯಾಚೆ ಅರ್ಧ ಗಂಟೆ ನಿಂತು, ಗಿರಾಕಿಗಳೆಲ್ಲ ಹೋದ ಮೇಲೆ ಒಳಗೆ ಕಾಲಿಟ್ಟಿದ್ದೆ. ಹತ್ತು ಜನರೆದುರು ಮೋಸಗಾರ ಅಂದವನು ತಪ್ಪಾಯಿತು ಅಂದದ್ದು ಯಾರೂ ಇಲ್ಲದ ಹೊತ್ತು ನೋಡಿ. ಈಗ ಆ ಗ್ಯಾರೇಜು ಅಲ್ಲಿಲ್ಲ, ಅವರು ಎಲ್ಲಿದ್ದಾರೋ ಗೊತ್ತಿಲ್ಲ. ಅದಕ್ಕೇ ನಾಲ್ಕು ಜನ ಓದುವ ಕಡೆ ಇದನ್ನು ಬರೆಯುತ್ತಿದ್ದೇನೆ. ಮಲ್ಲಪ್ಪನವರು ವೆಲ್ಡಿಂಗ್ ಮಾಡಿರಲಿಲ್ಲ.