ಮಾವನಿಗೆ ಕಲ್ಪನೆ ಬಂದದ್ದು

ನನ್ನ ಸೋದರಮಾವ ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸದಲ್ಲೇ ತಲೆ ನರೆಸಿಕೊಂಡವರು. ಇದ್ದದ್ದನ್ನು ಇದ್ದ ಹಾಗೆ ಹೇಳುವುದೊಂದೇ ಅವರಿಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಅತ್ತೆ, ತಾನು ಹೇಗೆ ಕಾಣಿಸುತ್ತೇನೆ ಎಂದು ಕೇಳಿದ್ದಕ್ಕೆ, "ಚೆನ್ನಾಗೇ ಕಾಣಿಸ್ತೀಯ, ಬೆಳಕಿದೆಯಲ್ಲ" ಎಂದಿದ್ದರಂತೆ.

ಅವರು ನಿವೃತ್ತರಾದ ವರ್ಷ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ, ಗಣಿತ, ನೃತ್ಯ, ತತ್ವಶಾಸ್ತ್ರ ವಿಭಾಗಗಳು ಒಟ್ಟಾಗಿ, ಮನುಷ್ಯನ ಕಲ್ಪನಾಶಕ್ತಿಯ ಅಧ್ಯಯನಕ್ಕೆಂದು ಒಂದು ಕೇಂದ್ರ ತೆರೆದಿದ್ದವು. ಕಲ್ಪನೆ ಎಂದರೇನು ಎಂಬಲ್ಲೇ ಗಾಡಿ ನಿಂತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಕೊನೆಗೆ, ಅದು ಇಲ್ಲದವನನ್ನು ನೋಡಿದರಾದರೂ ಅದೇನೆಂದು ತಿಳಿದೀತು ಎಂದುಕೊಂಡು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು: ಕಲ್ಪನಾಶಕ್ತಿ ಲವಲೇಶವೂ ಇಲ್ಲದವರು ಬೇಕಾಗಿದ್ದಾರೆ. ಮಾವ ಅದನ್ನು ಓದಿ ಮುಗಿಸುವಷ್ಟರಲ್ಲಿ ಅತ್ತೆ ಅವರ ಅಂಗಿಗೆ ಇಸ್ತ್ರಿ ಹಾಕಿಯಾಗಿತ್ತು.

ಸಂದರ್ಶನದಲ್ಲಿ ಮನಃಶಾಸ್ತ್ರದ ಮೇಡಂ ಕಣ್ಣು ಮುಚ್ಚಲು ಹೇಳಿ, ಏನು ಕಾಣಿಸುತ್ತಿದೆ ಎಂದು ಕೇಳಿದರು.

"ಕಣ್ಣು ಮುಚ್ಚಿದೀನಲ್ಲ ಮೇಡಂ, ಏನು ಕಾಣಿಸುತ್ತೆ?"

"ಒಂದು ಕುದುರೆಗೆ ರೆಕ್ಕೆ ಬಂತು ಅಂದ್ಕೊಳ್ಳಿ."

"ಬಂದಿಲ್ಲವಲ್ಲ. ಯಾಕೆ ಅಂದ್ಕೋಬೇಕು?"

ಗಣಿತದ ಪ್ರಾಧ್ಯಾಪಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಂಥ ಮನುಷ್ಯ ಸಿಕ್ಕಿದ್ದು ತಮ್ಮ ಪುಣ್ಯ ಎಂದರು.

ಮಾವನಿಗೆ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಬಾಗಿಲಿಗೆ ಹೆಸರಿನ ಫಲಕ, ಕುರ್ಚಿಗೆ ಮೆತ್ತೆ ಎಲ್ಲ ಬಂತು. ಅಲ್ಲಿಯವರೆಗೆ ಅವರನ್ನು ಕಂಡರೆ ಅಂಗಡಿಯವರು ಮುಖ ಸಿಂಡರಿಸುತ್ತಿದ್ದರು. ಈಗ ಅವರು ಆಕಳಿಸಿದರೂ ನಾಲ್ಕು ಜನ ಪಂಡಿತರು ಬರೆದುಕೊಳ್ಳುತ್ತಿದ್ದರು. ನೃತ್ಯದ ಮೇಡಂ ಅವರೆದುರು ಬಿರುಗಾಳಿಯಾಗಿ ಕುಣಿದು, ಏನನ್ನಿಸಿತು ಎಂದು ಕೇಳುವುದು, ಇವರು ಫ್ಯಾನು ಹಾಕಿಕೊಳ್ಳಿ ಎನ್ನುವುದು, ಎಲ್ಲರಿಗೂ ಪರಮಾನಂದ. ಮಾವ ಎದೆಯುಬ್ಬಿಸಿ ನಡೆಯತೊಡಗಿದರು.

ಒಂದು ಮಧ್ಯಾಹ್ನ ಅವರು ಲಿಫ್ಟಿನ ಎದುರು ನಿಂತಿದ್ದರು. ತತ್ವಶಾಸ್ತ್ರದವರು ಒಳಗೆ ಹೋದರು, ಬಾಗಿಲು ಮುಚ್ಚಿತು. ಲಿಫ್ಟು ಅವರನ್ನು ನುಂಗಿತು, ಇನ್ನು ಒಂದು ತೇಗು ಬರಬೇಕು ಎಂದು ಮಾವನಿಗೆ ಅನ್ನಿಸಿಬಿಟ್ಟಿತು. ಅವರು ಲಿಫ್ಟು ಹತ್ತಲಿಲ್ಲ. ನೇರ ಮನೆಗೆ ಬಂದರು.

"ನಂಗೆ ಬಂದ್ಬಿಟ್ಟಿದೆ ಕಣೆ."

"ಏನು, ಜ್ವರವಾ?"

"ಕಲ್ಪನೆ."

ಅತ್ತೆ ಹಣೆ ಮುಟ್ಟಿ ನೋಡಿದರು. ಆಮೇಲೆ ಬಾಗಿಲು ಹಾಕಿ ಬಂದು, ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದರು. ಗಂಡನಿಗೆ ಸಿಕ್ಕ ಮರ್ಯಾದೆಯಲ್ಲಿ ಅವರಿಗೂ ಪಾಲಿತ್ತು.

ಅಂದಿನಿಂದ ಸಂಜೆ ಅಡುಗೆಮನೆಯಲ್ಲಿ ಪಾಠ ಶುರುವಾಯಿತು. ಅತ್ತೆ ಪ್ರಶ್ನೆ ಕೇಳುವುದು, ಮಾವ ಕಲ್ಪನೆಯಿಲ್ಲದವನ ಉತ್ತರ ಕೊಡುವುದು. ಮೋಡ ಹೇಗಿದೆ ಎಂದರೆ ಮೋಡದ ಹಾಗಿದೆ ಎನ್ನಬೇಕು. ಆದರೆ ಏನು ಹೇಳಬಾರದು ಎಂದು ತಿಳಿಯಲು ಮೊದಲು ಅದನ್ನೇ ಯೋಚಿಸಬೇಕಲ್ಲ! ಮೋಡ ಹಜಾಮತಿಗೆ ಕೂತ ಕುರಿಯ ಹಾಗಿದೆ, ಹಾಗನ್ನಬಾರದು. ತೊಳೆಯಲು ಮರೆತ ದಿಂಬಿನ ಹಾಗಿದೆ, ಅದನ್ನಂತೂ ಅನ್ನಲೇಬಾರದು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಒಲೆಯ ಮೇಲಿನದು ಸೀದುಹೋಗುತ್ತಿತ್ತು. ಅಷ್ಟು ವರ್ಷದ ಸಂಸಾರದಲ್ಲಿ ಅವರು ಅಷ್ಟು ಮಾತಾಡಿದ್ದೇ ಇಲ್ಲ ಎಂದು ನನ್ನಮ್ಮ ಹೇಳುತ್ತಾಳೆ.

ಬೇರೆ ಊರುಗಳ ವಿದ್ವಾಂಸರೆಲ್ಲ ನೆರೆದ ಸಮ್ಮೇಳನದಲ್ಲಿ ಮಾವನನ್ನು ವೇದಿಕೆಯ ಮೇಲೆ ಕೂರಿಸಿದರು. ಸಭಿಕರಲ್ಲೊಬ್ಬರು, ಇಲ್ಲಿ ನಾವು ಯಾರೂ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ಮಾವ ಬಾಯಿಪಾಠ ಮಾಡಿಕೊಂಡ ಉತ್ತರವನ್ನು ನುಂಗಿಕೊಂಡರು. ಸುಳ್ಳು ತೂಕ ಅವರ ಜಾಯಮಾನಕ್ಕೆ ಒಗ್ಗದು.

"ಕುರ್ಚಿಗಳು ಉಸ್ಸಪ್ಪಾ ಅಂತ ಕಾಲು ಚಾಚ್ತಿದ್ವು" ಎಂದರು. "ಕ್ಷಮಿಸಿ. ನಂಗೆ ಇದು ಬಂದು ತಿಂಗಳುಗಳೇ ಆಯ್ತು."

ಬೈಗುಳಕ್ಕೆ ಕಾದು ಮಾವ ತಲೆ ತಗ್ಗಿಸಿದರು. ಆದರೆ ಬೈಯಲು ಯಾರಿಗೂ ಪುರುಸೊತ್ತಿರಲಿಲ್ಲ. ಕಲ್ಪನೆ ಅಂಟುರೋಗ ಎಂಬುದರಲ್ಲಿ ನಾಲ್ಕೂ ವಿಭಾಗಗಳಿಗೆ ಮೊದಲ ಬಾರಿ ಒಮ್ಮತ ಮೂಡಿತ್ತು. ಅಂಟಿಸಿದ್ದು ಯಾರು ಎಂಬುದರ ಮೇಲೆ ಜಗಳ ಹತ್ತಿತು. ನನ್ನಿಂದಲೇ ಎಂದು ನೃತ್ಯದ ಮೇಡಂ, ಬಿರುಗಾಳಿಯನ್ನು ಮತ್ತೊಮ್ಮೆ ಕುಣಿದು ತೋರಿಸಿದರು. ಗಣಿತದವರು ಮೈಕು ಬಿಡಲಿಲ್ಲ. ಆ ವರ್ಷವೇ ಕೇಂದ್ರ ಒಡೆದು ನಾಲ್ಕು ಕೇಂದ್ರಗಳಾದವು. ಸೋಂಕು ತಗುಲದಿರಲೆಂದು ಈಗ ಒಬ್ಬರು ಇನ್ನೊಬ್ಬರ ಮಹಡಿ ಹತ್ತುವುದಿಲ್ಲ.

ನಾಲ್ವರೂ ಮಾವನನ್ನು ಕರೆದರು. ಅವರು ಯಾರಲ್ಲಿಗೂ ಹೋಗಲಿಲ್ಲ. ಸಂಜೆ ಮನೆಯಲ್ಲಿ ಕೆಲಸವಿದೆ ಎಂದರಂತೆ. ಮೊನ್ನೆ ನಾನು ಹೋದಾಗ ಅಡುಗೆಮನೆಯಿಂದ ಸೀದ ವಾಸನೆ ಬರುತ್ತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಏನೆಂದು ಕೇಳಿದರೆ ಅತ್ತೆ ಕಣ್ಣೊರೆಸಿಕೊಂಡು, "ನೀನು ಚಿಕ್ಕವಳು, ಹೋಗೇ" ಎಂದರು. ನನಗೆ ನಲವತ್ತು ದಾಟಿದೆ.