ಮೂರು ದಾರಿ ಸೇರುವಲ್ಲಿ ಒಂದು ನಿಂಬೆಹಣ್ಣು

ನಾನು ಮೊದಲಿನಿಂದಲೂ ಪುಕ್ಕಲು ಹೆಂಗಸು. ಹ್ಯೂಸ್ಟನ್ ಪಕ್ಕದ ಊರು ಕೇಟಿಯ ನಮ್ಮ ಮನೆಯಿಂದ ಹೊರಟು ಐ-ಟೆನ್ ಹೆದ್ದಾರಿಗೆ ಕಾರು ಏರಿಸುವಾಗ ಇವತ್ತಿಗೂ ಅಂಗೈ ಬೆವರುತ್ತದೆ. ಲಿಫ್ಟು, ನಾಯಿ, ಗುಡುಗು, ಗುರುತಿಲ್ಲದ ನಂಬರಿನ ಫೋನು, ಯಾವುದಕ್ಕೂ ನಾನು ಹೆದರದೆ ಬಿಟ್ಟಿಲ್ಲ. ಆದರೆ ಅವೆಲ್ಲ ಬಂದು ಹೋಗುವ ಭಯಗಳು. ಬಂದು ಉಳಿದುಕೊಂಡ ಭಯ ಒಂದೇ, ಮಗಳ ಉಸಿರಿನದು.

ಟೆಕ್ಸಾಸ್ ಇಡೀ ಹೆಪ್ಪುಗಟ್ಟಿ ಕರೆಂಟ್ ಹೋದ ಆ ಚಳಿಗಾಲದಲ್ಲಿ ಅವಳಿನ್ನೂ ನಡೆಯಲು ಕಲಿತು ಹೆಚ್ಚು ದಿನವಾಗಿರಲಿಲ್ಲ. ಆಸ್ತಮಾ ಎಂದು ಡಾಕ್ಟರು ಆಗಷ್ಟೇ ಹೇಳಿದ್ದರು. ಔಷಧಿಯನ್ನು ಹಬೆ ಮಾಡಿ ಕೊಡುವ ನೆಬ್ಯುಲೈಜರ್ ಮನೆಯಲ್ಲಿತ್ತು, ಅದಕ್ಕೆ ಕರೆಂಟ್ ಇರಲಿಲ್ಲ. ಕಾರನ್ನು ಗರಾಜಿನಿಂದ ರಸ್ತೆಗೆ ತಂದು, ಮಿಷನ್ನನ್ನು ಕಾರಿಗೆ ಸಿಕ್ಕಿಸಿ, ಅವಳ ಮೂಗಿಗೆ ಮಾಸ್ಕ್ ಹಿಡಿದುಕೊಂಡು ಕೂತೆವು. ಪೆಟ್ರೋಲ್ ಮುಳ್ಳು ಕೆಳಗಿಳಿಯುವುದನ್ನು ನನ್ನ ಗಂಡ ನೋಡುತ್ತಿದ್ದರು, ಅವಳ ಪಕ್ಕೆಲುಬು ಒಳಗೆ ಎಳೆಯುವುದನ್ನು ನಾನು ನೋಡುತ್ತಿದ್ದೆ. ಅಂದಿನಿಂದ ನನಗೊಂದು ಚಾಳಿ ಅಂಟಿತು. ಅವಳು ಮಲಗಿರುವಾಗ ಹೋಗಿ ಮೂಗಿನ ಕೆಳಗೆ ಬೆರಳು ಹಿಡಿಯುವುದು. ಬಿಸಿ ಉಸಿರು ತಾಗಿದರೆ ವಾಪಸ್ ಬಂದು ಮಲಗುವುದು, ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಹೋಗುವುದು.

ಆಮೇಲಿನ ಪ್ರತಿ ಚಳಿಗಾಲವೂ ಹೀಗೇ ಕಳೆಯಿತು. ಅವಳಿಗೆ ಐದು ತುಂಬಿದ ವರ್ಷ ಗಂಡ ಆಫೀಸಿನಲ್ಲಿ ಅದು ಹೇಗೋ ಒಪ್ಪಿಗೆ ಪಡೆದು ಬಂದರು.

"ಲ್ಯಾಪ್‌ಟಾಪ್ ಎಲ್ಲಿಟ್ಟುಕೊಂಡು ಕೂತ್ರೂ ಅವರಿಗೆ ಒಂದೇ ಅಂತೆ. ಈ ಸಲ ಚಳಿ ಮುಗಿಯೋವರೆಗೂ ಸಮುದ್ರದ ಹತ್ರ ಇರೋಣ. ಮುಂದಿನ ವರ್ಷ ಸ್ಕೂಲ್ ಶುರುವಾದ್ರೆ ಆಗಲ್ಲ."

"ಅಲ್ಲಿ ಆಸ್ಪತ್ರೆ ಇದೆಯೇನ್ರೀ?" ಎಂದೆ. ಬೀಚ್ ಹೇಗಿದೆ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹೀಗೆ ನಾವು ಕೆರಿಬಿಯನ್ ಸಮುದ್ರದ ಗ್ರೆನಡಾ ಎಂಬ ಸಣ್ಣ ದ್ವೀಪಕ್ಕೆ ಹೋದೆವು. ಹ್ಯೂಸ್ಟನ್ನಿನಲ್ಲಿ ವಿಮಾನ ಹತ್ತಿದಾಗ ಮೈಮೇಲೆ ಜಾಕೆಟ್ಟು, ಇಳಿದಾಗ ಕೈಯಲ್ಲಿ ಜಾಕೆಟ್ಟು. ಗುಡ್ಡದ ಇಳಿಜಾರಿನಲ್ಲಿ ಮೇಲೊಂದು, ಕೆಳಗೊಂದು ಎರಡು ಮನೆ. ಮೇಲಿನದು ನಮಗೆ ಬಾಡಿಗೆಗೆ ಕೊಟ್ಟದ್ದು, ಕೆಳಗಿನದರಲ್ಲಿ, ಅದರದೇ ಗೇಟಿನ ಒಳಗೆ, ಮನೆಯೊಡತಿ. ನಿವೃತ್ತ ಮೇಷ್ಟ್ರಮ್ಮ, ಎತ್ತರದ ಆಳು, ಗಟ್ಟಿ ದನಿ. ಊರವರೆಲ್ಲ ಅವರನ್ನು ಟ್ಯಾಂಟಿ ಎನ್ನುತ್ತಿದ್ದರು. ನಮ್ಮ ಹುಡುಗಿಗೆ ಅದು ಆಂಟಿಯೇ ಆಯಿತು. ಅವರ ಮಗಳು ಹೆರಿಗೆಗೆಂದು ತಾಯಿಯ ಮನೆಗೆ ಬಂದವಳು, ಎಳೆಗೂಸನ್ನು ಎತ್ತಿಕೊಂಡು ಜಗಲಿಯಲ್ಲಿ ಕೂರುತ್ತಿದ್ದಳು. ತವರಿನ ಬಾಣಂತನ ಇಲ್ಲೂ ಉಂಟು ಎಂದು ನನಗೆ ತಮಾಷೆಯೆನಿಸಿತ್ತು.

ಆ ಮೊದಲ ವಾರಗಳನ್ನು ನೆನೆದರೆ ಈಗಲೂ ಬಾಯಲ್ಲಿ ತೆಂಗಿನಹಾಲಿನ ರುಚಿ ಬರುತ್ತದೆ. ಟ್ಯಾಂಟಿ ಕೆಸುವಿನ ಸೊಪ್ಪನ್ನು ತೆಂಗಿನಹಾಲಿನಲ್ಲಿ ಬೇಯಿಸಿ ಬಟ್ಟಲಲ್ಲಿ ಕಳಿಸುತ್ತಿದ್ದರು. ನಾನು ಸಾರು ಕಳಿಸಿದರೆ ಖಾರಕ್ಕೆ ಮೂಗು ಒರೆಸಿಕೊಂಡು ಬಟ್ಟಲನ್ನು ಖಾಲಿ ಮಾಡುತ್ತಿದ್ದರು. ಅಂಗಳದಲ್ಲಿ ಜಾಯಿಕಾಯಿ ಒಣಗುತ್ತಿತ್ತು. ಗುಡಿಸುವುದಕ್ಕೆ ತೆಂಗಿನಗರಿಯ ಕಡ್ಡಿಪೊರಕೆ, ಮೈಸೂರಿನಲ್ಲಿ ನನ್ನಮ್ಮ ಹಿಡಿಯುವಂಥದ್ದೇ. ಬೆಳಿಗ್ಗೆ ಟ್ಯಾಂಟಿ ನನ್ನ ಮಗಳನ್ನು ಕಡಲಿಗೆ ಕರೆದೊಯ್ದು, ಉಪ್ಪುನೀರು ಎದೆಗೆ ಒಳ್ಳೆಯದೆಂದು ಕತ್ತಿನವರೆಗೆ ಮುಳುಗಿಸಿ ಎತ್ತುತ್ತಿದ್ದರು. ಅಷ್ಟು ಹೊತ್ತೂ ನಾನು ದಡದಲ್ಲಿ ಇನ್‌ಹೇಲರ್ ಹಿಡಿದು ನಿಂತಿರುತ್ತಿದ್ದೆ. ಅಲೆ ದೊಡ್ಡದಾದಾಗಲೆಲ್ಲ ಅದರ ಮುಚ್ಚಳ ತೆಗೆಯುತ್ತಿದ್ದೆ.

ಕೂಸಿನ ಮಣಿಕಟ್ಟಿನಲ್ಲಿ ಕಪ್ಪು, ಕೆಂಪು ಮಣಿಗಳ ಒಂದು ಸರ ಇತ್ತು. ಅಂಗಾಲಿನಲ್ಲಿ ಬಟ್ಟೆಗೆ ಹಾಕುವ ನೀಲಿಯ ಒಂದು ಬೊಟ್ಟು. ಒಗೆಯುವಾಗ ತಗುಲಿರಬೇಕು ಎಂದುಕೊಂಡೆ. ನಮ್ಮ ಕಡೆ ಮಕ್ಕಳ ಅಂಗಾಲಿಗೆ ಕಾಡಿಗೆ ಇಡುವುದನ್ನು ನೋಡಿ ಬೆಳೆದವಳು, ನನಗೆ ಅದು ತಲೆಗೆ ಹೋಗಲಿಲ್ಲ ನೋಡಿ.

ಒಂದು ದಿನ ನಾನು ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಾಗ ಟ್ಯಾಂಟಿ ಮೆಟ್ಟಿಲು ಹತ್ತಿ ಬಂದರು. ಇಷ್ಟು ಚೆಂದದ ಕೂದಲನ್ನು ನಾನು ನೋಡೇ ಇಲ್ಲ ಎಂದು ತುಂಬಾ ಹೊತ್ತು ಹೊಗಳಿದರು. ಆಮೇಲೆ ಅಂಗೈಯನ್ನು ಅವಳ ನೆತ್ತಿಯ ಮೇಲೆ ಒತ್ತಿ ಹಿಡಿದು ಬಾಯಲ್ಲೇ ಏನೋ ಅಂದುಕೊಂಡರು. ಎರಡು ದಿನಕ್ಕೆ ಮಗಳಿಗೆ ಶೀತವಾಯಿತು, ಜ್ವರ ಬಂತು, ಎದೆಯೊಳಗೆ ಸಿಳ್ಳೆ ಶುರುವಾಯಿತು. ಅದೇ ಹೊತ್ತಿಗೆ ಗಂಡನಿಗೆ ಹ್ಯೂಸ್ಟನ್ನಿನಲ್ಲಿ ತಪ್ಪಿಸಲಾಗದ ಮೀಟಿಂಗು. ಎಡಗಡೆ ಓಡಿಸಬೇಕಾದ ಆ ಗುಡ್ಡದ ರಸ್ತೆಗಳಲ್ಲಿ ನಾನು ಸ್ಟಿಯರಿಂಗ್ ಮುಟ್ಟುವವಳಲ್ಲ ಎಂದು ಗೊತ್ತಿದ್ದರಿಂದ ಬಾಡಿಗೆ ಕಾರನ್ನು ಏರ್‌ಪೋರ್ಟಿನಲ್ಲಿ ವಾಪಸ್ ಕೊಟ್ಟು ಅವರು ವಿಮಾನ ಹತ್ತಿದರು. ನಾನು ಅಮ್ಮನಿಗೆ ಫೋನ್ ಮಾಡಿದೆ.

"ಯಾರಾದ್ರೂ ಮಗೂನ ಹೊಗಳಿದ್ರಾ?" ಅಮ್ಮ ಕೇಳಿದ್ದೇ ಅದನ್ನು.

"ಕೆಳಗಿನ ಮನೆ ಆಂಟಿ ಕೂದಲು ಚೆನ್ನಾಗಿದೆ ಅಂದ್ರು. ತಲೆ ಮುಟ್ಟಿ ಏನೋ ಹೇಳ್ಕೊಂಡ್ರು."

"ಮತ್ತಿನ್ನೇನು. ಹೊಗಳಿದ್ದೂ ಅಲ್ದೆ ತಲೆ ಬೇರೆ ಮುಟ್ಟಿದಾಳೆ. ಮೊದ್ಲು ದೃಷ್ಟಿ ತೆಗಿ."

"ಮೆಣಸಿನಕಾಯಿ ಸುಟ್ರೆ ಹೊಗೆ ಆಗತ್ತಮ್ಮ. ಇವಳಿಗೆ ಉಸಿರು ಕಟ್ಟತ್ತೆ."

"ಹಾಗಾದ್ರೆ ನಿಂಬೆಹಣ್ಣು ನಿವಾಳಿಸು. ಹೆಚ್ಚಿ ಕುಂಕುಮ ಹಚ್ಚಿ ಮೂರು ದಾರಿ ಸೇರೋ ಕಡೆ ಹಾಕಿ ಬಾ. ತಿರುಗಿ ನೋಡ್ಬೇಡ."

ನಾನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಕೇಟಿಯಲ್ಲಿ ಇದನ್ನೆಲ್ಲ ಮಾಡಿದವಳಲ್ಲ. ಆದರೆ ಭಯವಾದಾಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತೇವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಂಬೆಹಣ್ಣನ್ನು ಮಗಳಿಗೆ ನಿವಾಳಿಸಿದೆ. ಬೀಚಿನಿಂದ ಬರುವ ದಾರಿ, ಗುಡ್ಡ ಹತ್ತುವ ದಾರಿ, ಚರ್ಚಿಗೆ ಹೋಗುವ ದಾರಿ, ಮೂರೂ ಸೇರುವುದು ಟ್ಯಾಂಟಿಯ ಗೇಟಿನ ಎದುರಿಗೆ. ಬೇರೆ ಜಾಗ ನನಗೆ ಗೊತ್ತಿರಲಿಲ್ಲ. ಇಲ್ಲಿಯವರಿಗೆ ಇದೆಲ್ಲ ಏನು ಗೊತ್ತು ಎಂಬ ಧೈರ್ಯ ಬೇರೆ. ಎರಡು ಹೋಳುಗಳನ್ನು ಅಲ್ಲಿ ಹಾಕಿ, ತಿರುಗಿ ನೋಡದೆ ಮೇಲೆ ಬಂದೆ.

ಬೆಳಿಗ್ಗೆ ಹೋಳುಗಳು ಇರಲಿಲ್ಲ. ಆ ಜಾಗವನ್ನು ಯಾರೋ ತೊಳೆದು, ಮೇಲೆ ದಪ್ಪಗೆ ಉಪ್ಪು ಚೆಲ್ಲಿದ್ದರು. ಕಡ್ಡಿಪೊರಕೆಯನ್ನು ಗೇಟಿಗೆ ತಲೆಕೆಳಗಾಗಿ ಒರಗಿಸಿದ್ದರು.

ಟ್ಯಾಂಟಿ ಆ ದಿನ ನನ್ನ ಮಗಳು ಹೇಗಿದ್ದಾಳೆಂದು ಕೇಳಲು ಬರಲಿಲ್ಲ. ಮರುದಿನವೂ ಇಲ್ಲ. ಸೊಪ್ಪಿನ ಬಟ್ಟಲು ನಿಂತುಹೋಯಿತು. ನಮ್ಮ ಕಡೆಗಿದ್ದ ಕಿಟಕಿಗಳನ್ನು ಆ ಸೆಕೆಯಲ್ಲೂ ಮುಚ್ಚಿದರು. ಕೂಸಿನ ಬಟ್ಟೆಗಳು ಮುಂದಿನ ಹಗ್ಗದಿಂದ ಹಿತ್ತಲಿಗೆ ಹೋದವು. ಬಾಣಂತಿ ಜಗಲಿಗೆ ಬರುವುದನ್ನೇ ಬಿಟ್ಟಳು. ಬ್ರೆಡ್ಡು ತರಲು ಅಂಗಡಿಗೆ ಹೋದರೆ ಮಾತಾಡುತ್ತಿದ್ದವರು ಸುಮ್ಮನಾದರು, ಅಂಗಡಿಯಾಕೆ ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಹಲಗೆಯ ಮೇಲಿಟ್ಟು ಸರಿಸಿದಳು.

ಗಂಡನಿಗೆ ಫೋನ್ ಮಾಡಿದರೆ ನಕ್ಕರು. "ನಿಂಬೆಹಣ್ಣಿಗೆಲ್ಲ ಯಾರು ತಲೆ ಕೆಡಿಸ್ಕೋತಾರೆ? ಅವರಿಗೇನೋ ಬೇರೆ ಟೆನ್ಷನ್ ಇರತ್ತೆ. ಶನಿವಾರ ಬರ್ತೀನಲ್ಲ."

ಶನಿವಾರದವರೆಗೆ ಮಗಳ ಎದೆ ಕಾಯಲಿಲ್ಲ. ಜ್ವರ ಇಳಿದಿತ್ತು, ಅಂಗಳದ ಕೋಳಿಮರಿಗಳ ಹಿಂದೆ ಓಡುವಷ್ಟು ಚೇತರಿಸಿಕೊಂಡಿದ್ದಳು. ಒಂದು ಮಧ್ಯಾಹ್ನ ಓಡಿ ಬಂದವಳು ಬಾಗಿಲಲ್ಲೇ ಬಗ್ಗಿ ನಿಂತಳು.

"ಅಮ್ಮಾ, ಐ ಕಾಂಟ್..." ಎಂದಳು. ವಾಕ್ಯ ಮುಗಿಯಲಿಲ್ಲ.

ಇನ್‌ಹೇಲರ್ ಕೊಟ್ಟೆ. ಸ್ವಲ್ಪ ಕಾದು ಮತ್ತೆ ಕೊಟ್ಟೆ. ಮೂಗಿನ ಹೊಳ್ಳೆಗಳು ಅರಳುತ್ತಲೇ ಇದ್ದವು, ಕತ್ತಿನ ಗುಳಿ ಒಳಗೆ ಹೋಗುತ್ತಿತ್ತು. ನೆಬ್ಯುಲೈಜರ್ ತೆಗೆದು ಔಷಧಿ ಹಾಕಿ ಸ್ವಿಚ್ ಒತ್ತಿದೆ. ಮಿಷನ್ನು ಗುಂಯ್ ಎಂದಿತು. ಅಷ್ಟರಲ್ಲಿ ಸೀಲಿಂಗ್ ಫ್ಯಾನು ನಿಧಾನವಾಗತೊಡಗಿತು. ಮಿಷನ್ನೂ ನಿಂತಿತು. ಕರೆಂಟ್ ಹೋಗಿತ್ತು.

ಚಳಿಯಿಂದ ತಪ್ಪಿಸಿಕೊಂಡು ಸಮುದ್ರ ದಾಟಿ ಬಂದರೂ ಅದೇ ಸತ್ತ ಮಿಷನ್ನು, ಅದೇ ಮಾಸ್ಕು, ಈ ಸಲ ಕಾರೂ ಇಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಪೇಟೆಯಿಂದ ಬರಬೇಕು, ಹೊತ್ತು ಹಿಡಿಯುತ್ತದೆ, ಯಾರದಾದರೂ ಕಾರಿದ್ದರೆ ಹೆಲ್ತ್ ಸೆಂಟರಿಗೆ ತಂದುಬಿಡಿ ಎಂದರು. ಕಾರಿದ್ದದ್ದು ಟ್ಯಾಂಟಿಯ ಹತ್ತಿರ ಮಾತ್ರ.

ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಮೆಟ್ಟಿಲಿಳಿದೆ. ಆ ಪೊರಕೆ ದಾಟಿ ಗೇಟಿನೊಳಗೆ ಕಾಲಿಡುವಾಗ ನನಗಾದ ಹೆದರಿಕೆಯನ್ನು ಮುಚ್ಚಿಡುವುದಿಲ್ಲ. ಕಿಟಕಿಯ ಪರದೆ ಸರಿಯಿತು, ಬಾಣಂತಿಯ ಮುಖ ಕಂಡಿತು, ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ನಾನು ಬಾಗಿಲು ಬಡಿದೆ. ಆಂಟಿ ಎಂದೆ, ಪ್ಲೀಸ್ ಎಂದೆ. ಆಮೇಲೆ ಇಂಗ್ಲಿಷ್ ಮರೆತುಹೋಗಿ ಕನ್ನಡದಲ್ಲಿ ಬೇಡಿಕೊಂಡೆ. ಒಳಗೆ ಯಾರೂ ಅಲ್ಲಾಡಲಿಲ್ಲ. ನನ್ನ ಕಿವಿಯ ಪಕ್ಕದಲ್ಲಿ ಮಗಳ ಎದೆಯ ಸಿಳ್ಳೆ ಒಂದೇ ಕೇಳುತ್ತಿತ್ತು.

ಹಿತ್ತಲಿನ ಕಡೆಯಿಂದ ಟ್ಯಾಂಟಿ ಬಂದರು. ಕೈಯಲ್ಲಿ ಕಾರಿನ ಕೀ ಇತ್ತು.

"ಬಾಗಿಲ ಹತ್ರ ನಿಲ್ಲಬೇಡ. ಕಾರಿಗೆ ಹೋಗು," ಎಂದರು.

ದಾರಿಯುದ್ದಕ್ಕೂ ಅವರು ತಿರುವು ಬಂದಾಗಲೆಲ್ಲ ಹಾರ್ನ್ ಹೊಡೆಯುತ್ತ ಆ ಹಳೇ ಕಾರನ್ನು ಅಟ್ಟಿದರು. ನಾನು ಮಗಳ ಮೂಗಿನ ಕೆಳಗೆ ಬೆರಳು ಹಿಡಿದು ಕೂತಿದ್ದೆ. ಹೆಲ್ತ್ ಸೆಂಟರಿನಲ್ಲಿ ಜನರೇಟರ್ ಓಡುತ್ತಿತ್ತು. ನರ್ಸು ಅವಳನ್ನು ನನ್ನ ತೋಳಿನಿಂದ ಎತ್ತಿಕೊಂಡು ಹೋಗಿ ಮಾಸ್ಕ್ ಹಾಕಿದಳು. ಸಿಳ್ಳೆ ಸಣ್ಣದಾಯಿತು. ಕತ್ತಿನ ಗುಳಿ ಒಳಗೆ ಎಳೆಯುವುದು ನಿಂತಿತು. ತುಂಬಾ ಹೊತ್ತಿನ ಮೇಲೆ ಅವಳು ಮಾಸ್ಕನ್ನು ಸ್ವಲ್ಪ ಸರಿಸಿ, "ಅಮ್ಮಾ, ಐಯಾಮ್ ಹಂಗ್ರಿ," ಎಂದಳು. ನಾನು ಗೋಡೆ ಹಿಡಿದು ಅತ್ತೆ.

ಹೊರಗಿನ ಬೆಂಚಿನಲ್ಲಿ ಟ್ಯಾಂಟಿ ನನ್ನಿಂದ ಸ್ವಲ್ಪ ದೂರ ಬಿಟ್ಟು ಕೂತಿದ್ದರು. ಅವರ ಇಂಗ್ಲಿಷು ಏರಿಳಿದು ಓಡುವಂಥದ್ದು. ಅಂದು ಮಾತ್ರ ನಿಧಾನವಾಗಿ, ತರಗತಿಯಲ್ಲಿ ಕೇಳುವ ಹಾಗೆ ಕೇಳಿದರು.

"ಆ ನಿಂಬೆಹಣ್ಣು ನಮ್ಮ ಕೂಸಿಗೆ ಅಂತ ಇಟ್ಟಿದ್ದಾ?"

ಅಲ್ಲ, ಅಲ್ಲ ಎಂದೆ. ನನ್ನ ಮಗಳಿಗೆ ತಗುಲಿದ ದೃಷ್ಟಿಯನ್ನು ತೆಗೆದದ್ದು, ನಮ್ಮ ಕಡೆ ಹಾಗೆ ಮಾಡುತ್ತಾರೆ, ಯಾರಿಗೂ ಕೇಡಾಗಲಿ ಎಂದಲ್ಲ ಎಂದು ತೊದಲಿದೆ.

"ಯಾರ ದೃಷ್ಟಿ?"

ನನ್ನ ಕಣ್ಣು ಅವರ ಅಂಗೈಯ ಕಡೆ ಹೋಯಿತು. ಅವರಿಗೆ ಅಷ್ಟೇ ಸಾಕಾಯಿತು.

"ನಾವೂ ತೆಗೀತೀವಿ," ಎಂದರು. "ಇಲ್ಲಿ ಅದಕ್ಕೆ ಮಾಲ್ಜೊ ಅಂತೀವಿ. ನನಗೆ ನೀಲಿ ಬೊಟ್ಟು ಇಟ್ಟು ಬೆಳೆಸಿದ್ರು, ನಾನು ಮಗಳಿಗೆ ಇಟ್ಟೆ, ಅವಳು ಕೂಸಿಗೆ ಇಟ್ಟಿದಾಳೆ. ನಿನ್ನ ಮಗಳ ತಲೆ ನಾನು ಯಾಕೆ ಮುಟ್ಟಿದೆ ಗೊತ್ತಾ? ಹೊಗಳಿದವರು ಮುಟ್ಟಬೇಕು. ಮುಟ್ಟದೆ ಹೋದ್ರೆ ಕಣ್ಣು ಮಗುವಿನ ಮೇಲೇ ಉಳಿಯತ್ತೆ. ಅವಳಿಗೆ ಏನೂ ಆಗದಿರಲಿ ಅಂತಲೇ ಮುಟ್ಟಿದ್ದು."

ಇವರಿಗೆ ಏನು ಗೊತ್ತು ಎಂದುಕೊಂಡಿದ್ದೆ. ನಾನು ಹಾಕಿದ್ದು ಏನು, ಯಾಕೆ, ಯಾರ ಕಡೆಗೆ ಎಂಬುದೆಲ್ಲ ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

"ನನ್ನ ಮಗಳು ಅವತ್ತಿನಿಂದ ಕೂಸನ್ನ ಹೊರಗೆ ತಂದಿಲ್ಲ," ಎಂದರು ಟ್ಯಾಂಟಿ. "ಕೂಸು ಮಲಗಿದ್ರೆ ಎದ್ದೆದ್ದು ಹೋಗಿ ಮೂಗಿನ ಕೆಳಗೆ ಬೆರಳು ಹಿಡೀತಾಳೆ."

ನನ್ನ ಭಯವನ್ನು ನನ್ನ ಮನೆಯಿಂದ ಇಳಿಸಿ, ಆಗತಾನೆ ಹೆತ್ತ ಒಬ್ಬಳ ಬಾಗಿಲಲ್ಲಿ ನಾನೇ ಕೈಯಾರೆ ಇಟ್ಟು ಬಂದಿದ್ದೆ.

"ಮತ್ತೆ ಕಾರು ಯಾಕೆ ತೆಗೆದ್ರಿ?" ಎಂದು ಕೇಳಿದೆ.

"ಹೆದರಿಕೆ ಆಗಿತ್ತು. ಹೊರಗೆ ಹೋಗಬೇಡ ಅಂತ ಮಗಳೂ ಕೈ ಹಿಡ್ಕೊಂಡ್ಲು. ಆದ್ರೆ ಆ ಮಗುವಿನ ಎದೆ ಸದ್ದು ಬಾಗಿಲ ಒಳಗೂ ಕೇಳ್ತಿತ್ತು."

ನಾವು ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಟ್ಯಾಂಟಿ ಒಳಗೆ ಹೋಗಿ ತಮ್ಮ ಮಗಳ ಜೊತೆ ಬಹಳ ಹೊತ್ತು ಮಾತಾಡಿದರು. ಒಮ್ಮೆ ದನಿ ಏರಿತು, ಒಮ್ಮೆ ಅಳು ಕೇಳಿತು. ನಾನು ಮಗಳನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಹೊರಗೇ ನಿಂತಿದ್ದೆ. ಕೊನೆಗೆ ಬಾಗಿಲು ತೆರೆಯಿತು. ಕೂಸನ್ನು ಎದೆಗೆ ಅವುಚಿಕೊಂಡು ಅವಳು ಹೊಸಿಲ ತನಕ ಬಂದಳು. ಕಣ್ಣು ಬಾತಿತ್ತು, ಎಷ್ಟೋ ದಿನ ನಿದ್ದೆಯಿಲ್ಲದ ಮುಖ. ಆ ಮುಖವನ್ನು ನಾನು ಕೇಟಿಯ ನಮ್ಮ ಬಚ್ಚಲಿನ ಕನ್ನಡಿಯಲ್ಲಿ ನೋಡಿದ್ದೆ.

ಟ್ಯಾಂಟಿ ಪೊರಕೆಯನ್ನು ಪಕ್ಕಕ್ಕೆ ತೆಗೆದಿಟ್ಟರು. "ಬಾ. ಕೂಸಿನ ಬಗ್ಗೆ ಒಂದು ಒಳ್ಳೇ ಮಾತು ಹೇಳು," ಎಂದರು.

ಮಗಳನ್ನು ಜಗಲಿಯಲ್ಲಿ ಕೂರಿಸಿ ಹತ್ತಿರ ಹೋದೆ. ಇಷ್ಟು ವಾರಗಳಲ್ಲಿ ನಾನು ಆ ಕೂಸಿನ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮುದ್ದಾಗಿದೆ ಎಂದೆ. ಹೇಳಿದ ಮೇಲೆ ಕೈ ಮುಂದೆ ಮಾಡಿದೆ. ಬಾಣಂತಿ ಒಂದು ಹೆಜ್ಜೆ ಹಿಂದೆ ಸರಿದು ಅಮ್ಮನ ಮುಖ ನೋಡಿದಳು. ಆಮೇಲೆ ಅವಳೇ ಕೂಸಿನ ತಲೆಯ ಬಟ್ಟೆಯನ್ನು ಸರಿಸಿದಳು.

ನೆತ್ತಿ ಇನ್ನೂ ಕೂಡಿರಲಿಲ್ಲ. ಅಂಗೈ ಕೆಳಗೆ ಅದು ಮೆತ್ತಗೆ ಮಿಡಿಯುತ್ತಿತ್ತು. ನಾನು ಕೈ ತೆಗೆಯುವವರೆಗೂ ಅವಳು ಉಸಿರು ಹಿಡಿದುಕೊಂಡೇ ನಿಂತಿದ್ದಳು.